ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಿದೆ, ಮೂಳೆ ಮಾತ್ರ ಟೊಳ್ಳು: ಏಕೆ?

ಐವತ್ತು ದಾಟಿದ ಹೆಂಗಸರ ಆರೋಗ್ಯ ತಪಾಸಣೆಯ ವರದಿಗಳನ್ನು ನೋಡಿದವರಿಗೆ ಈ ಗೊಂದಲ ಪರಿಚಿತ. ರಕ್ತದ ಕ್ಯಾಲ್ಸಿಯಂ 9.4, ಪಕ್ಕದಲ್ಲಿ ‘ಸಾಮಾನ್ಯ’ ಎಂಬ ಷರಾ. ವಿಟಮಿನ್ ಡಿ 14, ಅದು ದಪ್ಪಕ್ಷರದಲ್ಲಿ. ಮೂಳೆಯ ಸಾಂದ್ರತೆ ಅಳೆದ ಇನ್ನೊಂದು ಹಾಳೆಯಲ್ಲಿ ‘ಟಿ-ಸ್ಕೋರ್ ಮೈನಸ್ 2.6’. ಮನೆಯವರ ಪ್ರಶ್ನೆ ಸಹಜವಾದದ್ದೇ: ಕ್ಯಾಲ್ಸಿಯಂ ಸರಿಯಾಗಿಯೇ ಇದೆಯಲ್ಲ, ಹಾಗಿದ್ದರೆ ಮೂಳೆ ಟೊಳ್ಳಾಗಿದ್ದು ಹೇಗೆ? ಜೀವಮಾನವಿಡೀ ರಾಗಿಮುದ್ದೆ ಉಂಡವರಿಗೂ ಹೀಗಾಗುತ್ತದೆಯೇ?

ಆಗುತ್ತದೆ. ಈ ಮೂರು ಅಂಕಿಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತವೆ. ಊಟದಲ್ಲಿ ಎಷ್ಟು ಕ್ಯಾಲ್ಸಿಯಂ ಸಿಗುತ್ತಿದೆ ಎಂಬುದನ್ನು ಮಾತ್ರ ಅವುಗಳಲ್ಲಿ ಒಂದೂ ಹೇಳುವುದಿಲ್ಲ.

ಕಣಜ ಮತ್ತು ಒಲೆ

ವಯಸ್ಕರ ದೇಹದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರ ಶೇ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ರಕ್ತದಲ್ಲಿ, ಜೀವಕೋಶಗಳಲ್ಲಿ ಓಡಾಡಿಕೊಂಡಿರುತ್ತದೆ. ಪ್ರಮಾಣ ಸಣ್ಣದಾದರೂ ಅದರ ಕೆಲಸ ದೊಡ್ಡದು: ಹೃದಯ ಬಡಿಯಲು, ಸ್ನಾಯು ಬಿಗಿಯಲು, ಗಾಯದ ರಕ್ತ ಹೆಪ್ಪುಗಟ್ಟಲು ಅದು ಬೇಕೇ ಬೇಕು. ಹಾಗಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ ಕ್ಯಾಲ್ಸಿಯಂ 8.5ರಿಂದ 10.5 ಮಿಲಿಗ್ರಾಂ ನಡುವೆಯೇ ಇರುವಂತೆ ದೇಹ ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತದೆ.

ಊಟದಿಂದ ಬರುವುದು ಕಡಿಮೆಯಾದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು ಒಂದು ಹಾರ್ಮೋನನ್ನು ಸುರಿಸುತ್ತವೆ. ಆ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ತರುತ್ತದೆ. ಮೂಳೆಯನ್ನು ಮನೆಯ ಕಣಜ ಎಂದುಕೊಳ್ಳಿ. ಹೊಲದಿಂದ ಕಾಳು ಬರದ ವರ್ಷವೂ ಕಣಜದಿಂದ ತೆಗೆದು ಒಲೆಯ ಮೇಲೆ ಅನ್ನ ಬೇಯಿಸುತ್ತಾರೆ. ಮಡಕೆ ನೋಡಿದವರಿಗೆ ಬರಗಾಲ ಗೊತ್ತಾಗುವುದಿಲ್ಲ. ರಕ್ತದ ಕ್ಯಾಲ್ಸಿಯಂ ಆ ಮಡಕೆ. ಅದು ಸದಾ ತುಂಬಿರುವುದು ಕಣಜ ಬರಿದಾಗುತ್ತಿರುವುದರಿಂದಲೂ ಇರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗಲೋ ಇಳಿದಾಗಲೋ ವೈದ್ಯರು ಬೇರೆ ಕಾಯಿಲೆಗಳನ್ನು ಹುಡುಕುತ್ತಾರೆ. ಮೂಳೆಯ ಗಟ್ಟಿತನವನ್ನು ಆ ಪರೀಕ್ಷೆಯಿಂದ ಅಳೆಯಲಾಗದು.

ಮೂಳೆ ಒಮ್ಮೆ ಬೆಳೆದು ಹಾಗೆಯೇ ಉಳಿಯುವ ವಸ್ತುವೂ ಅಲ್ಲ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು ಒಂದೆಡೆ, ಆ ಜಾಗದಲ್ಲಿ ಹೊಸತನ್ನು ಕಟ್ಟುವ ಕೋಶಗಳು ಇನ್ನೊಂದೆಡೆ, ಜೀವನಪೂರ್ತಿ ಕೆಲಸ ಮಾಡುತ್ತಲೇ ಇರುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿವರ್ಷ ಹೀಗೆ ಹೊಸದಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಕಟ್ಟುವುದು ಮುಂದಿರುತ್ತದೆ. ಮೂವತ್ತರ ಆಸುಪಾಸಿಗೆ ಮೂಳೆ ತನ್ನ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಶಾಲೆಯ ಮಕ್ಕಳಿಗೆ ಕ್ಷೀರ ಭಾಗ್ಯದ ಹಾಲು ಕೊಡುವುದರ ಹಿಂದೆ ಈ ಲೆಕ್ಕವೂ ಇದೆ. ಆ ಲೋಟದ ಪ್ರಯೋಜನ ಕಾಣುವುದು ನಲವತ್ತು ವರ್ಷಗಳ ನಂತರ.

ಮುಟ್ಟು ನಿಂತ ಮೇಲೆ

ಮೂಳೆ ಕರಗಿಸುವ ಕೋಶಗಳ ಮೇಲೆ ಹೆಣ್ಣಿನ ದೇಹದಲ್ಲಿ ಹಿಡಿತ ಇಟ್ಟಿರುವುದು ಈಸ್ಟ್ರೊಜೆನ್ ಹಾರ್ಮೋನು. ಮುಟ್ಟು ನಿಲ್ಲುವಾಗ ಅಂಡಾಶಯಗಳು ಅದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತವೆ. ಹಿಡಿತ ಸಡಿಲವಾದ ಕೋಶಗಳು ಬಿರುಸಾಗುತ್ತವೆ, ಕಟ್ಟುವ ಕೋಶಗಳು ಆ ವೇಗಕ್ಕೆ ಸರಿಗಟ್ಟಲಾರವು. ಋತುಬಂಧದ ಆಸುಪಾಸಿನ ಐದಾರು ವರ್ಷಗಳಲ್ಲೇ ಮೂಳೆಯ ಶೇ 10ರಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು, ಕಳೆದುಹೋಗುತ್ತದೆ. ಆಮೇಲೆ ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ. ಗಂಡಸರಿಗೆ ಇಂಥ ಹಠಾತ್ ಕುಸಿತ ಇಲ್ಲದಿರುವುದರಿಂದ ಅವರ ಮೂಳೆ ನಿಧಾನವಾಗಿ ಸವೆಯುತ್ತದೆ.

ಪಶ್ಚಿಮದ ದೇಶಗಳಲ್ಲಿ ಮುಟ್ಟು ಸರಾಸರಿ 51ರ ವಯಸ್ಸಿಗೆ ನಿಂತರೆ ಭಾರತದಲ್ಲಿ 46–47ಕ್ಕೇ ನಿಲ್ಲುತ್ತದೆ. ಅಂದರೆ ನಮ್ಮ ಹೆಂಗಸರು ಹಾರ್ಮೋನಿನ ರಕ್ಷಣೆಯಿಲ್ಲದೆ ನಾಲ್ಕೈದು ವರ್ಷ ಹೆಚ್ಚು ಬದುಕುತ್ತಾರೆ. ಅತಿಯಾದ ರಕ್ತಸ್ರಾವ, ಬಿಳಿಸೆರಗು ಎಂದು ನಲವತ್ತಕ್ಕೂ ಮುಂಚೆ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳನ್ನೂ ತೆಗೆದಿದ್ದರೆ ಮೂಳೆ ಸವೆಯುವ ಗಡಿಯಾರ ಅಂದಿನಿಂದಲೇ ಶುರುವಾಗಿರುತ್ತದೆ. ಬಹಳ ಮಂದಿಗೆ ಅಂಡಾಶಯ ಉಳಿದಿದೆಯೋ ಇಲ್ಲವೋ ಎಂಬುದೇ ತಿಳಿದಿರುವುದಿಲ್ಲ. ಹಳೆಯ ಡಿಸ್ಚಾರ್ಜ್ ಚೀಟಿ ಸಿಕ್ಕರೆ ವೈದ್ಯರಿಗೆ ತೋರಿಸುವುದು ಉಪಯುಕ್ತ.

ಹೀಗೆ ಮೂಳೆ ತೆಳುವಾಗಿ, ಒಳಗಿನ ಜಾಲರಿ ಹರಿದು, ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿಗೆ ಬಂದರೆ ಅದನ್ನು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ನಿಂತಲ್ಲಿಂದ ಜಾರಿ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದರೆ ಅದು ಮೊದಲ ಸುಳಿವು. ಬೆನ್ನುಮೂಳೆಗಳು, ಬೀಳದೆಯೂ, ಕುಸಿಯಬಹುದು. ಅಜ್ಜಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಾ, ಬಾಗುತ್ತಾ ಹೋಗಿದ್ದು ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ. ಎಲ್ಲಕ್ಕಿಂತ ಕೆಟ್ಟದ್ದು ಸೊಂಟದ ಬಳಿ ತೊಡೆಯ ಮೂಳೆ ಮುರಿಯುವುದು. ಹಲವು ದೇಶಗಳ ದಾಖಲೆಗಳ ಪ್ರಕಾರ ಹಾಗೆ ಮುರಿದುಕೊಂಡ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ಸಾಯುತ್ತಾರೆ.

ಮಂಡಿನೋವಿಗೂ ಇದಕ್ಕೂ ಗಂಟು ಹಾಕಬಾರದು. ಮಂಡಿ ನೋಯುವುದು ಹೆಚ್ಚಾಗಿ ಕೀಲಿನೊಳಗಿನ ಮೃದ್ವಸ್ಥಿ ಸವೆದಾಗ. ಮೂಳೆ ಟೊಳ್ಳಾಗುವುದು, ಮುರಿಯುವವರೆಗೂ, ನೋಯುವುದೇ ಇಲ್ಲ. ಮಂಡಿನೋವಿಗೆಂದು ವರ್ಷಗಟ್ಟಲೆ ಕ್ಯಾಲ್ಸಿಯಂ ಮಾತ್ರೆ ನುಂಗುವವರು ನೋವು ಹೋಗಲಿಲ್ಲ ಎಂದು ದೂರುವುದು ಈ ಕಾರಣಕ್ಕೆ. ನೋವೇ ಇಲ್ಲ, ನನಗೇನೂ ಆಗಿಲ್ಲ ಎಂದು ಸುಮ್ಮನಿರುವವರ ತಪ್ಪು ಇದರ ಇನ್ನೊಂದು ಮುಖ.

ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ಅದಕ್ಕೂ ಹಿಂದಿನ 2010ರ ಶಿಫಾರಸು ವಯಸ್ಕರಿಗೆ 600 ಎಂದಿತ್ತು. ಹಳೆಯ ಪುಸ್ತಕ, ಹಳೆಯ ಭಿತ್ತಿಪತ್ರಗಳಲ್ಲಿ ಇನ್ನೂ ಆ ಅಂಕಿಯೇ ಇರಬಹುದು.

ಈಗ ಪಟ್ಟಣದ ಒಂದು ಸಾಧಾರಣ ಮನೆಯ ಊಟ ನೋಡೋಣ. ಬೆಳಿಗ್ಗೆ ಇಡ್ಲಿಯೋ ಚಿತ್ರಾನ್ನವೋ, ಮಧ್ಯಾಹ್ನ ಅನ್ನ, ಬೇಳೆಸಾರು, ಒಂದಿಷ್ಟು ಪಲ್ಯ, ಒಂದು ಸೌಟು ಮಜ್ಜಿಗೆ. ರಾತ್ರಿ ಅದರದೇ ಮುಂದುವರಿಕೆ. ನಡುವೆ ಎರಡು ಲೋಟ ಕಾಫಿ. ದಿನಕ್ಕೆ ಕಾಲು ಕಿಲೋ ಅಕ್ಕಿ ಉಂಡರೂ ಅದರಿಂದ ಸಿಗುವ ಕ್ಯಾಲ್ಸಿಯಂ 20 ಮಿಲಿಗ್ರಾಂ ಮುಟ್ಟುವುದಿಲ್ಲ. 50 ಗ್ರಾಂ ತೊಗರಿಬೇಳೆಯಿಂದ 35–40, ತರಕಾರಿಯಿಂದ 50–60, ಕಾಫಿಯ ಹಾಲಿನಿಂದ ನೂರಕ್ಕೆ ಸ್ವಲ್ಪ ಮೇಲೆ, ಮಜ್ಜಿಗೆಯಿಂದ ಇನ್ನೊಂದಿಷ್ಟು. ಎಲ್ಲ ಕೂಡಿದರೆ 300ರ ಹತ್ತಿರ ಬಂದು ನಿಲ್ಲುತ್ತದೆ. ಬೇಕಿದ್ದದ್ದರ ಕಾಲು ಭಾಗ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಹೈದರಾಬಾದಿನ ಅದೇ ಸಂಸ್ಥೆಯ ಸಂಶೋಧಕರು ಕಡಿಮೆ ಆದಾಯದ 30ರಿಂದ 60 ವರ್ಷದ 289 ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದ್ದರು. ಅವರ ದಿನದ ಕ್ಯಾಲ್ಸಿಯಂ ಸರಾಸರಿ 270 ಮಿಲಿಗ್ರಾಂ ಇತ್ತು. ತೊಡೆಯ ಮೂಳೆಯ ಕತ್ತಿನ ಭಾಗದಲ್ಲಿ ಶೇ 29 ಮಂದಿಗೆ ಆಸ್ಟಿಯೊಪೊರೋಸಿಸ್ ಕಂಡುಬಂದಿತ್ತು. ಅವರೆಲ್ಲ ಅರವತ್ತು ತುಂಬದವರು ಎಂಬುದನ್ನು ಮರೆಯದೆ ಆ ಅಂಕಿಯನ್ನು ಓದಬೇಕು.

ಕರ್ನಾಟಕದ ಅಡುಗೆಮನೆಯಲ್ಲಿ ಈ ಕೊರತೆ ತುಂಬುವ ಪದಾರ್ಥಗಳಿಗೆ ಬರವಿಲ್ಲ. ರಾಗಿಯ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಅದರ ಸಮೀಪಕ್ಕೆ ಬರುವುದು ಬೇರೊಂದಿಲ್ಲ. ಗೋಧಿ, ಜೋಳ, ಸಜ್ಜೆ ಮೂರೂ 30ರ ಆಚೀಚೆ. ‘ಸಿರಿಧಾನ್ಯ ತಿನ್ನಿ, ಮೂಳೆ ಗಟ್ಟಿ’ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವ ಪ್ರಚಾರ ಇಲ್ಲಿ ಎಡವುತ್ತದೆ. ಜೋಳದ ರೊಟ್ಟಿಗೆ ಬೇರೆ ಗುಣಗಳಿವೆ, ಕ್ಯಾಲ್ಸಿಯಂ ಅದರಲ್ಲಿ ಸೇರಿಲ್ಲ. ಉತ್ತರ ಕರ್ನಾಟಕದ ತಟ್ಟೆಯಲ್ಲಿ ಆ ಕೊರತೆ ನೀಗಿಸಬೇಕಾದದ್ದು ರೊಟ್ಟಿಯ ಪಕ್ಕದಲ್ಲಿರುವ ಗಟ್ಟಿ ಮೊಸರು, ಗುರೆಳ್ಳು ಚಟ್ನಿ, ಸೊಪ್ಪು. ಸಜ್ಜೆ ರೊಟ್ಟಿಯ ಮೇಲೆ ಅಂಟಿಸುವ ಎಳ್ಳಿನ 100 ಗ್ರಾಂನಲ್ಲಿ 1200 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ; ಒಂದು ದೊಡ್ಡ ಚಮಚ ಹಾಕಿದರೂ ನೂರು ದಾಟುತ್ತದೆ.

ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 270, ನುಗ್ಗೆ ಸೊಪ್ಪಿನಲ್ಲಿ 300ಕ್ಕೂ ಮೇಲೆ. ಹಸುವಿನ ಹಾಲಿನಲ್ಲಿ 100 ಮಿಲಿಲೀಟರಿಗೆ 118ರಷ್ಟು. ಕೊಬ್ಬು ತೆಗೆದರೂ ಹಾಲಿನ ಕ್ಯಾಲ್ಸಿಯಂ ಹೋಗುವುದಿಲ್ಲ, ಆದ್ದರಿಂದ ಟೋನ್ಡ್ ಹಾಲು, ಕಡೆದ ಮಜ್ಜಿಗೆ ಎರಡೂ ಲೆಕ್ಕಕ್ಕೆ ಬರುತ್ತವೆ. ಬೆಣ್ಣೆ, ತುಪ್ಪ ಬರುವುದಿಲ್ಲ. ಕರಾವಳಿಯಲ್ಲಿ ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನುಗಳಿಗೆ ಈ ವಿಷಯದಲ್ಲಿ ಸಾಟಿಯಿಲ್ಲ. ಮುಳ್ಳು ಬಿಡಿಸಿ ತಿನ್ನುವ ದೊಡ್ಡ ಮೀನಿನಿಂದ ಆ ಲಾಭವಿಲ್ಲ.

ಮೇಲಿನ 300ಕ್ಕೆ ಒಂದು ರಾಗಿಮುದ್ದೆ, ಎರಡು ಬಟ್ಟಲು ಮೊಸರು, ಒಂದು ಚಮಚ ಎಳ್ಳು ಸೇರಿಸಿದರೆ ಮೊತ್ತ ಸಾವಿರ ದಾಟಿ 1200ರತ್ತ ಹೋಗುತ್ತದೆ. ದುಬಾರಿ ಪುಡಿ ಡಬ್ಬಿಗಳ ಅಗತ್ಯ ಬೀಳುವುದಿಲ್ಲ.

ತಿಂದದ್ದೆಲ್ಲ ಮೂಳೆ ಸೇರುವುದಿಲ್ಲ

ಹಾಲಿನಲ್ಲಿರುವ ಕ್ಯಾಲ್ಸಿಯಂನಲ್ಲಿ ಸುಮಾರು ಶೇ 30 ಭಾಗವನ್ನಷ್ಟೇ ಕರುಳು ಹೀರಿಕೊಳ್ಳುತ್ತದೆ. ಪಾಲಕ್ ಸೊಪ್ಪಿನದ್ದಾದರೆ ಶೇ 5ರಷ್ಟು. ಪಾಲಕ್, ಹರಿವೆಯಂಥ ಸೊಪ್ಪುಗಳಲ್ಲಿ ಆಕ್ಸಲೇಟ್ ಎಂಬ ಪದಾರ್ಥ ಇದೆ. ಅದು ಕ್ಯಾಲ್ಸಿಯಂ ಜೊತೆ ಬಿಗಿಯಾಗಿ ಕೂಡಿಕೊಂಡು ಕರಗದ ಹರಳಾಗಿ ಮಲದಲ್ಲಿ ಹೊರಟುಹೋಗುತ್ತದೆ. ಆ ಸೊಪ್ಪುಗಳಲ್ಲಿ ಬೇರೆ ಪೋಷಕಾಂಶಗಳು ಧಾರಾಳವಾಗಿವೆ, ತಿನ್ನಲೇಬೇಕು. ಕ್ಯಾಲ್ಸಿಯಂಗಾಗಿ ಅವನ್ನೇ ನೆಚ್ಚಬಾರದು ಅಷ್ಟೇ. ಸಾಸಿವೆ, ಕೋಸಿನ ಕುಲಕ್ಕೆ ಸೇರಿದ ಮೂಲಂಗಿ ಸೊಪ್ಪು, ನವಿಲುಕೋಸಿನ ಎಲೆಗಳಲ್ಲಿ ಆಕ್ಸಲೇಟ್ ಕಡಿಮೆ. ಮಾರುಕಟ್ಟೆಯಲ್ಲೇ ಕಿತ್ತು ಬಿಸಾಡುವ ಆ ಎಲೆಗಳ ಕ್ಯಾಲ್ಸಿಯಂ ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ.

ರಾಗಿಗೂ ಈ ತೊಡಕಿದೆ. ಅದರ ಸಿಪ್ಪೆಯಲ್ಲಿ ಆಕ್ಸಲೇಟ್, ಅದರಂತೆಯೇ ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್ ಎಂಬ ಪದಾರ್ಥ ಎರಡೂ ಇರುವುದರಿಂದ 364 ಮಿಲಿಗ್ರಾಂ ಪೂರ್ತಿ ಕೈಗೆ ಸಿಗುವುದಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸಿದ ಹಿಟ್ಟಿನಲ್ಲಿ ಫೈಟೇಟ್ ತಗ್ಗುತ್ತದೆ. ಹುಳಿ ಬರಿಸಿದ ಅಂಬಲಿಯಲ್ಲೂ ಹಾಗೆಯೇ. ಮಗುವಿಗೆ ರಾಗಿ ಸರಿ ಮಾಡಲು ಮೊಳಕೆ ಕಟ್ಟುವ ಮನೆಗಳಲ್ಲಿ ಅಜ್ಜಿಗೂ ಅದೇ ಹಿಟ್ಟಿನ ಗಂಜಿ ಕಾಸಬಹುದು. ಎಳ್ಳಿನ ಸಿಪ್ಪೆಯಲ್ಲಿಯೂ ಆಕ್ಸಲೇಟ್ ಇದೆ, ಹಾಗಾಗಿ ಅದರ ಅಂಕಿಯನ್ನೂ ಮುಖಬೆಲೆಗೆ ತೆಗೆದುಕೊಳ್ಳಬಾರದು. ರಾಗಿ, ಎಳ್ಳು, ಸೊಪ್ಪಿನ ಜೊತೆ ಹಾಲು ಮೊಸರೂ ಇರಲಿ ಎಂದು ಪೋಷಣಾ ತಜ್ಞರು ಹೇಳುವುದು ಇದಕ್ಕಾಗಿ.

ಉಪ್ಪಿನ ಸಂಗತಿ ಇನ್ನೊಂದು ದಿಕ್ಕಿನದು. ಹೆಚ್ಚಾದ ಸೋಡಿಯಂ ಮೂತ್ರದಲ್ಲಿ ಹೊರಹೋಗುವಾಗ ಸ್ವಲ್ಪ ಕ್ಯಾಲ್ಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿ ಎಂದು ದಿನಕ್ಕೆ ಐದು ಗ್ರಾಂ ಉಪ್ಪಿನ ಮಿತಿ ಮೀರುವವರು, ಮೊದಲೇ ಕಡಿಮೆ ಕ್ಯಾಲ್ಸಿಯಂ ತಿನ್ನುವವರಾದರೆ, ಎರಡೂ ಕಡೆ ನಷ್ಟ. ದಿನಕ್ಕೆ ಎರಡು ಲೋಟ ಕಾಫಿಯಿಂದ ಆತಂಕವಿಲ್ಲ, ಅದರಲ್ಲಿ ಹಾಲೂ ಇರುತ್ತದಲ್ಲ. ಎಲೆಗೆ ಹಚ್ಚುವ ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ಎಂಬುದು ನಿಜ. ಆದರೆ ಅದರ ನೆಪದಲ್ಲಿ ಅಡಿಕೆ, ಹೊಗೆಸೊಪ್ಪು ಜಗಿಯುವವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಇದೆ, ಹೊಗೆಸೊಪ್ಪು ಮೂಳೆಗೂ ಒಳ್ಳೆಯದಲ್ಲ.

ಇಷ್ಟೊಂದು ಬಿಸಿಲಿದ್ದೂ ಡಿ ಕೊರತೆಯೇ?

ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದನ್ನು ಬಹುಪಾಲು ಚರ್ಮವೇ ತಯಾರಿಸುತ್ತದೆ, ಬಿಸಿಲಿನ ಅತಿನೇರಳೆ ಬಿ ಕಿರಣ ತಾಗಿದಾಗ. ಬೆಂಗಳೂರು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರಕ್ಕಿದೆ. ಬಿಸಿಲಿಗೆ ಕೊರತೆಯಿಲ್ಲ, ಬಿಸಿಲು ಮೈಗೆ ತಾಗುವುದಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಈ ಕಿರಣ ಬಹಳ ಕಡಿಮೆ. ತಿರುಪತಿಯಲ್ಲಿ ನಡೆದ ಅಧ್ಯಯನಗಳು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವಿನ ಬಿಸಿಲೇ ಪರಿಣಾಮಕಾರಿ ಎಂದು ತೋರಿಸಿವೆ. ಆ ಹೊತ್ತಿನಲ್ಲಿ ಹೆಂಗಸರು ಅಡುಗೆಮನೆಯಲ್ಲೋ ಕಚೇರಿಯಲ್ಲೋ ಇರುತ್ತಾರೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು, ಎಪ್ಪತ್ತರ ಚರ್ಮ ಇಪ್ಪತ್ತರ ಚರ್ಮದ ಕಾಲು ಭಾಗದಷ್ಟೇ ತಯಾರಿಸಬಲ್ಲದು. ತೋಳು, ಮುಂಗಾಲುಗಳಿಗೆ ವಾರದಲ್ಲಿ ಕೆಲವು ದಿನ ಮಧ್ಯಾಹ್ನದ ಬಿಸಿಲು ಇಪ್ಪತ್ತು–ಮೂವತ್ತು ನಿಮಿಷ ತಾಗಿದರೆ ಸಹಾಯವಾಗುತ್ತದೆ. ಹಪ್ಪಳ ಒಣಗಿಸುವ ಹೊತ್ತು ಎಂದಿಟ್ಟುಕೊಳ್ಳಿ.

ಅದೇ ಅಧ್ಯಯನಗಳಲ್ಲಿ ಇನ್ನೊಂದು ಕುತೂಹಲದ ಅಂಶ ಹೊರಬಂತು. ದಿನವಿಡೀ ಹೊಲದಲ್ಲಿ ದುಡಿಯುವವರಲ್ಲಿ ಡಿ ಮಟ್ಟ ನಗರದವರಿಗಿಂತ ಹೆಚ್ಚಿತ್ತು, ಆದರೂ ಎಲ್ಲರಲ್ಲೂ ಸಾಕಷ್ಟಿರಲಿಲ್ಲ. ಕ್ಯಾಲ್ಸಿಯಂ ಕಡಿಮೆ, ಫೈಟೇಟ್ ಹೆಚ್ಚಿರುವ ಊಟ ದೇಹದ ಡಿ ದಾಸ್ತಾನನ್ನು ಬೇಗ ಖರ್ಚು ಮಾಡಿಸುತ್ತದೆ ಎಂಬುದು ಸಂಶೋಧಕರ ವಿವರಣೆ. ಅಂದರೆ ಡಿ ಕೊರತೆಗೆ ಬಿಸಿಲಿನಷ್ಟೇ ತಟ್ಟೆಯೂ ಕಾರಣ.

ಆಹಾರದಲ್ಲಿ ಡಿ ಸಿಗುವುದು ಕೊಬ್ಬಿರುವ ಮೀನು, ಮೊಟ್ಟೆಯ ಹಳದಿ ಇಂಥ ಕೆಲವೇ ಪದಾರ್ಥಗಳಲ್ಲಿ. ಬಲವರ್ಧಿತ ಹಾಲಿನ ಪ್ಯಾಕೆಟ್ ಮೇಲೆ ‘ಎಫ್’ ಅಕ್ಷರ, ಕೂಡಿಸುವ ಚಿಹ್ನೆ ಇರುತ್ತದೆ. ಅಂಥ ಹಾಲಿನಲ್ಲಿ ಲೀಟರಿಗೆ 200ರಿಂದ 300 ಅಂತರರಾಷ್ಟ್ರೀಯ ಘಟಕದಷ್ಟು ಡಿ ಸೇರಿಸಿರುತ್ತಾರೆ. ಒಂದು ಲೋಟದಲ್ಲಿ 50ರ ಆಸುಪಾಸು. ದಿನದ ಶಿಫಾರಸು 600, ಅರವತ್ತು ದಾಟಿದವರಿಗೆ 800.

ರಕ್ತದಲ್ಲಿ ಡಿ ಮಟ್ಟ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎಂಬ ಬಗ್ಗೆ ಬಹುತೇಕ ತಜ್ಞರು ಒಪ್ಪುತ್ತಾರೆ. 20ರಿಂದ 30ರ ನಡುವಿನದನ್ನು ಪ್ರಯೋಗಾಲಯಗಳು ‘ಸಾಲದು’ ಎಂದು ಬರೆದರೂ ಅಮೆರಿಕದ ವೈದ್ಯಕೀಯ ಸಂಸ್ಥೆಯ 2011ರ ವರದಿ 20 ಇದ್ದರೆ ಬಹುತೇಕರ ಮೂಳೆಗೆ ಸಾಕು ಎಂದಿತ್ತು. 24 ಬಂದವರು ಗಾಬರಿಪಡಬೇಕಾಗಿಲ್ಲ.

ಗಾಬರಿಪಡಬೇಕಾದದ್ದು 60,000 ಘಟಕದ ಪುಡಿ ಪೊಟ್ಟಣ ಅಥವಾ ಮಾತ್ರೆಯ ವಿಷಯಕ್ಕೆ. ಅದು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಕೊಡುವ ಔಷಧ. ಚೀಟಿ ತಪ್ಪಾಗಿ ಓದಿ ದಿನಕ್ಕೊಂದರಂತೆ ತಿಂಗಳುಗಟ್ಟಲೆ ತೆಗೆದುಕೊಂಡವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಟ್ಟ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ ಐದು ಲಕ್ಷ ಘಟಕ ಒಟ್ಟಿಗೇ ಕೊಟ್ಟ ಪ್ರಯೋಗದಲ್ಲಿ ವಯಸ್ಸಾದ ಹೆಂಗಸರು ಬೀಳುವುದು, ಮೂಳೆ ಮುರಿದುಕೊಳ್ಳುವುದು ಹೆಚ್ಚಾಯಿತು. 2010ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ಮರೆತುಹೋದ ಪ್ರೋಟೀನು

ಮೂಳೆಯ ಗಾತ್ರದಲ್ಲಿ ಅರ್ಧದಷ್ಟು ಪ್ರೋಟೀನಿನ ನಾರು. ಆ ನಾರಿನ ಮೇಲೆಯೇ ಕ್ಯಾಲ್ಸಿಯಂ ಹರಳುಗಳು ಕೂರುವುದು. ಹಿಂದೊಮ್ಮೆ ಪ್ರೋಟೀನು ಹೆಚ್ಚಾದರೆ ಮೂಳೆ ಕರಗುತ್ತದೆ ಎಂಬ ಭಯವಿತ್ತು. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಹಾಗಾಗುವುದಿಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ವಯಸ್ಸಾದ ಹೆಂಗಸರಿಗೆ ಇರುವುದು ಕೊರತೆಯ ಸಮಸ್ಯೆ. ದೇಹದ ತೂಕದ ಕಿಲೋಗೆ 0.83 ಗ್ರಾಂ ಎಂಬುದು ಭಾರತದ ಶಿಫಾರಸು. ವೃದ್ಧರಿಗೆ ಕಿಲೋಗೆ ಒಂದು ಗ್ರಾಂ ಅಥವಾ ಸ್ವಲ್ಪ ಹೆಚ್ಚು ಒಳ್ಳೆಯದೆಂದು ಹಲವು ತಜ್ಞ ತಂಡಗಳು ಹೇಳುತ್ತವೆ. ಅಂದರೆ 55 ಕಿಲೋ ತೂಕದವರಿಗೆ ದಿನಕ್ಕೆ 55 ಗ್ರಾಂ. ತಿಳಿಸಾರು ಅನ್ನದಲ್ಲಿ, ರಾತ್ರಿಯ ಎರಡು ಬ್ರೆಡ್ಡು–ಹಾಲಿನಲ್ಲಿ ಅದು ಸಿಗುವುದಿಲ್ಲ. ಗಟ್ಟಿ ಬೇಳೆ, ಕಾಳಿನ ಹುಳಿ, ಮೊಳಕೆ ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರ ಪಾಲಿಗೆ ಪಾತ್ರೆಯ ತಳದ ತಿಳಿಯೇ ಉಳಿಯುವುದೂ ಈ ಲೆಕ್ಕದಲ್ಲಿ ಸೇರುತ್ತದೆ.

ಬ್ರಿಟನ್ನಿನಲ್ಲಿ 26,000ಕ್ಕೂ ಹೆಚ್ಚು ಮಧ್ಯವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಸಸ್ಯಾಹಾರಿಗಳಲ್ಲಿ ಸೊಂಟದ ಮೂಳೆ ಮುರಿತದ ಸಂಭವ ಶೇ 33 ಹೆಚ್ಚಿತ್ತು. ಅವರ ತೂಕ ಕಡಿಮೆಯಿದ್ದುದು ಅದರ ಒಂದು ಭಾಗವನ್ನಷ್ಟೇ ವಿವರಿಸಿತು. ಇಂಥ ಅಧ್ಯಯನ ಸಂಬಂಧ ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಅದನ್ನು ಓದಿ ಸಸ್ಯಾಹಾರ ಬಿಡಬೇಕಿಲ್ಲ. ಸಸ್ಯಾಹಾರಿಗಳು ತೀರಾ ತೆಳ್ಳಗಾಗದಂತೆ, ಹಾಲು–ಕಾಳು ತಪ್ಪದಂತೆ ನೋಡಿಕೊಳ್ಳಬೇಕು.

ಕಾರಣವನ್ನು ತೋರಿಸಿದ್ದು ಆಸ್ಟ್ರೇಲಿಯಾದ ಇನ್ನೊಂದು ಪ್ರಯೋಗ. ಅಲ್ಲಿನ 60 ವೃದ್ಧಾಶ್ರಮಗಳ 7,195 ನಿವಾಸಿಗಳಲ್ಲಿ ಅರ್ಧದಷ್ಟು ಆಶ್ರಮಗಳವರಿಗೆ ಊಟದಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಲಾಯಿತು. ಕ್ಯಾಲ್ಸಿಯಂ ದಿನಕ್ಕೆ 1,142 ಮಿಲಿಗ್ರಾಂ, ಪ್ರೋಟೀನು ಕಿಲೋಗೆ 1.1 ಗ್ರಾಂ ತಲುಪಿತು. ಎರಡು ವರ್ಷಗಳಲ್ಲಿ ಮೂಳೆ ಮುರಿತ ಶೇ 33, ಸೊಂಟದ ಮುರಿತ ಶೇ 46 ತಗ್ಗಿತು, ಬೀಳುವುದೂ ಶೇ 11 ಕಡಿಮೆಯಾಯಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶದ ವಿಶೇಷವೆಂದರೆ ಮೊದಲಿಂದಲೂ ಅವರ ಡಿ ಮಟ್ಟ ಚೆನ್ನಾಗಿತ್ತು. ಬದಲಾದದ್ದು ಊಟ ಮಾತ್ರ.

ಮಾತ್ರೆಯ ಮಿತಿ

ಮಾತ್ರೆಗಳ ದಾಖಲೆ ಇಷ್ಟು ಚೆಲುವಾಗಿಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 36,282 ಹೆಂಗಸರಲ್ಲಿ ಒಂದು ಗುಂಪಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, 400 ಘಟಕ ಡಿ ಕೊಟ್ಟು ಏಳು ವರ್ಷ ಗಮನಿಸಿದರು. 2006ರ ವರದಿಯ ಪ್ರಕಾರ ಸೊಂಟದ ಮೂಳೆಯ ಸಾಂದ್ರತೆ ಶೇ 1ರಷ್ಟು ಹೆಚ್ಚಿತು, ಮುರಿತಗಳಲ್ಲಿ ಖಚಿತ ಎನ್ನಬಹುದಾದ ಇಳಿಕೆ ಕಾಣಲಿಲ್ಲ, ಮೂತ್ರಪಿಂಡದ ಕಲ್ಲು ಶೇ 17 ಹೆಚ್ಚಾಯಿತು. ಈ ಹೆಂಗಸರು ಊಟದಲ್ಲೇ ಸಾಕಷ್ಟು ಕ್ಯಾಲ್ಸಿಯಂ ತಿನ್ನುತ್ತಿದ್ದವರು ಎಂಬುದು ಮುಖ್ಯ. 2022ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ, ಕೊರತೆ ಇದೆಯೋ ಇಲ್ಲವೋ ನೋಡದೆ ಎಲ್ಲರಿಗೂ ದಿನಕ್ಕೆ 2000 ಘಟಕ ಡಿ ಕೊಟ್ಟಾಗ ಮುರಿತ ತಗ್ಗಲಿಲ್ಲ. ಕೊರತೆ ಇರುವವರಿಗೆ ಮಾತ್ರೆ ಪ್ರಯೋಜನಕಾರಿ, ಇಲ್ಲದವರಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ ಎಂದು ಇವನ್ನು ಓದಬಹುದು. 300 ಮಿಲಿಗ್ರಾಂ ಊಟದವರು ಮೊದಲ ಗುಂಪಿಗೆ ಸೇರುತ್ತಾರೆ.

ಮಾತ್ರೆ ತೆಗೆದುಕೊಳ್ಳುವವರು ಲೇಬಲ್ ಓದಬೇಕು. 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ 500. ಕರುಳು ಒಮ್ಮೆಗೆ ಅದಕ್ಕಿಂತ ಹೆಚ್ಚನ್ನು ಚೆನ್ನಾಗಿ ಹೀರದು. ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಕಬ್ಬಿಣದ ಮಾತ್ರೆಯ ಜೊತೆ ಕೂಡದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ ಬಿಡಬೇಕು. ಎರಡನ್ನೂ ಒಟ್ಟಿಗೇ ನುಂಗಿ, ಥೈರಾಯ್ಡ್ ಅಂಕಿ ಏಕೆ ಹತೋಟಿಗೆ ಬರುತ್ತಿಲ್ಲ ಎಂದು ಪರದಾಡುವವರಿದ್ದಾರೆ.

ಕೊಳವೆಬಾವಿಯ ನೀರು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇನ್ನೊಂದು ವಿಷಯ ಅನ್ವಯಿಸುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಈ ಭಾಗದ ಎಷ್ಟೋ ಆಳದ ಕೊಳವೆಬಾವಿಗಳಲ್ಲಿ ಅದು ಮೀರುತ್ತದೆ. ವರ್ಷಗಟ್ಟಲೆ ಆ ನೀರು ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಕೂತು ಬೆನ್ನು, ಕೀಲುಗಳು ಬಿಗಿಯುತ್ತವೆ. ಅಂಥ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಾಣುತ್ತದೆ, ಸಾಂದ್ರತೆಯ ಅಂಕಿಯೂ ಚೆನ್ನಾಗಿ ಬರಬಹುದು. ಗಟ್ಟಿತನ ಮಾತ್ರ ಇರುವುದಿಲ್ಲ. ಅಲ್ಲಿಯವರು ವರದಿ ತೋರಿಸುವಾಗ ಯಾವ ನೀರು ಕುಡಿಯುತ್ತೇವೆ ಎಂದೂ ಹೇಳಬೇಕು. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರುಳು ಫ್ಲೋರೈಡ್ ಹೀರುವುದು ತಗ್ಗುತ್ತದೆ.

ಟಿ-ಸ್ಕೋರ್ ಓದುವುದು, ಮುಂದಿನ ದಾರಿ

ಮೂಳೆಯ ಸಾಂದ್ರತೆಯನ್ನು ಅಳೆಯುವ ಒಪ್ಪಿತ ಪರೀಕ್ಷೆ ಡೆಕ್ಸಾ ಸ್ಕ್ಯಾನ್; ಸೊಂಟ ಮತ್ತು ಕೆಳಬೆನ್ನಿಗೆ ಅತಿ ಕಡಿಮೆ ಕ್ಷ-ಕಿರಣ ಹಾಯಿಸುತ್ತಾರೆ. ಅಂಕಿಯನ್ನು ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿದ್ದೇ ಟಿ-ಸ್ಕೋರ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆಗಳ ಪ್ರಕಾರ ಮೈನಸ್ 1ರವರೆಗೆ ಸಾಮಾನ್ಯ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಆಸ್ಟಿಯೊಪೀನಿಯಾ (ಮೂಳೆ ತೆಳುವಾಗತೊಡಗಿದ ಸ್ಥಿತಿ), ಮೈನಸ್ 2.5 ಮತ್ತು ಕೆಳಗೆ ಆಸ್ಟಿಯೊಪೊರೋಸಿಸ್. ಯಂತ್ರಗಳು ಹೆಚ್ಚಾಗಿ ಬಿಳಿಯ ಅಮೆರಿಕನ್ ಯುವತಿಯರಿಗೆ ಹೋಲಿಸುತ್ತವೆ. ಸಣ್ಣ ಮೈಕಟ್ಟಿನ ನಮ್ಮವರ ಅಂಕಿ ಅದರಿಂದ ಸ್ವಲ್ಪ ಕೆಳಗೆ ಕಾಣಬಹುದು. ಅಪಾರ್ಟ್‌ಮೆಂಟುಗಳಲ್ಲಿ, ಔಷಧ ಅಂಗಡಿಗಳ ಮುಂದೆ ನಡೆಯುವ ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವುದು ಅಲ್ಟ್ರಾಸೌಂಡ್ ಯಂತ್ರ. ಅದರ ಅಂಕಿಗೆ ಈ ಗೆರೆಗಳು ಅನ್ವಯಿಸುವುದಿಲ್ಲ, ಅದನ್ನೇ ನಂಬಿ ಔಷಧ ಶುರು ಮಾಡಬಾರದು.

ಅರವತ್ತೈದು ದಾಟಿದವರು, ಬೇಗ ಮುಟ್ಟು ನಿಂತವರು, ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಂಡವರು, ಉಬ್ಬಸಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ತಿಂದವರು, ತಾಯಿ ಅಥವಾ ತಂದೆಗೆ ಸೊಂಟ ಮುರಿದಿದ್ದವರು ಡೆಕ್ಸಾ ಬಗ್ಗೆ ವೈದ್ಯರನ್ನು ಕೇಳುವುದು ಸೂಕ್ತ.

ಮೂಳೆಗೆ ಭಾರ ಬಿದ್ದರೆ ಅದು ಗಟ್ಟಿಯಾಗುತ್ತದೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅದೊಂದೇ ಸಾಲದು. ಆಸ್ಟ್ರೇಲಿಯಾದಲ್ಲಿ ಮೂಳೆ ತೆಳುವಾಗಿದ್ದ 101 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪು ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ಭಾರ ಎತ್ತಿತು. ಎಂಟು ತಿಂಗಳಲ್ಲಿ ಅವರ ಕೆಳಬೆನ್ನಿನ ಮೂಳೆಯ ಸಾಂದ್ರತೆ ಶೇ 2.9 ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2 ಇಳಿಯಿತು. ಈಗಾಗಲೇ ಬೆನ್ನುಮೂಳೆ ಕುಸಿದಿರುವವರು ಇದನ್ನು ತಾವಾಗಿಯೇ ಪ್ರಯತ್ನಿಸಬಾರದು. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಒಂಟಿಕಾಲಿನಲ್ಲಿ ಗೋಡೆಯ ಬಳಿ ನಿಲ್ಲುವುದರಿಂದ ತೊಡೆಯ ಬಲ, ಸಮತೋಲನ ಎರಡೂ ಸುಧಾರಿಸುತ್ತವೆ.

ಟಿ-ಸ್ಕೋರ್ ಮೈನಸ್ 2.6 ಬಂದವರಿಗೆ ಊಟ, ಬಿಸಿಲು, ವ್ಯಾಯಾಮ ಅಗತ್ಯ, ಆದರೆ ಸಾಲುವುದಿಲ್ಲ. ಮೂಳೆ ಕರಗಿಸುವ ಕೋಶಗಳನ್ನು ತಡೆಯುವ ಔಷಧಗಳಿವೆ: ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರಾನಿಕ್ ಆಮ್ಲ, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್. ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು, ಇಲ್ಲದಿದ್ದರೆ ಅನ್ನನಾಳ ಹುಣ್ಣಾಗಬಹುದು. ಡೆನೊಸುಮ್ಯಾಬ್ ಅನ್ನು ವೈದ್ಯರಿಗೆ ಹೇಳದೆ ನಡುವೆ ನಿಲ್ಲಿಸಿದರೆ ಮೂಳೆ ವೇಗವಾಗಿ ಸವೆದು ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು. ಇವುಗಳಲ್ಲಿ ಯಾವುದನ್ನು ಶುರು ಮಾಡುವ ಮೊದಲೂ ವೈದ್ಯರು ಡಿ ಮತ್ತು ಕ್ಯಾಲ್ಸಿಯಂ ಕೊರತೆ ಸರಿಪಡಿಸುತ್ತಾರೆ. ಹಲ್ಲು ಕೀಳಿಸುವುದಿದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಲು ಹೇಳುತ್ತಾರೆ.